ಪೂಲಿನ ಸುತ್ತ ಹಲಗೆ

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಒಬ್ಬ ಬಡಗಿ, ಅವನ ಅಕ್ಕ ಕುಳಿತಿದ್ದರು.

“ಕಲ್ಯಾಣ ಊರಾಗಿನ ಕೆಲಸ ಅರ್ಧಕ್ಕ ಬಿಟ್ಟು ಬಂದ್ಯಾ, ಗುರುಲಿಂಗ?”

“ಸಾಹುಕಾರ್ರು ಹಳೇ ಬಾವಿ ಮುಚ್ಚಿ, ಅದರ ಮ್ಯಾಲ ಸ್ವಿಮಿಂಗ್ ಪೂಲ್ ಕಟ್ಯಾರಕ್ಕಾ. ಸುತ್ತಲೂ ಕಟ್ಟಿಗಿ ಹಲಗಿ ಹಾಸಾಕತ್ತಿದ್ವಿ. ದಿನಾ ಮುಂಜಾನಿ ಹಲಗಿ ಮ್ಯಾಲ ಒದ್ದಿ ಹೆಜ್ಜಿ.”

“ಯಾರರ ಈಸಾಡಿರ್ತಾರ.”

“ಪೂಲಿನ್ಯಾಗ ಇನ್ನಾ ನೀರೇ ಬಿಟ್ಟಿಲ್ಲ.”

“ಹಂಗಾದ್ರ ನಾಯಿ ಓಡಾಡಿರಬೇಕು. ಅಂಜುಬುರುಕ ನೀ.”

“ಮನಷ್ಯಾರ ಹೆಜ್ಜಿ. ಪೂಲಿನಿಂದ ನಮ್ಮ ಅವಿನಾಶ ಮಲಗೋ ಖೋಲಿ ತನಕ ಬರ್ತಾವ. ತಿರುಗಿ ಹೋಗಿದ್ದು ಕಾಣಂಗಿಲ್ಲ.”

“ತಮ್ಮನ್ನ ಅಲ್ಲೇ ಬಿಟ್ಟು ಬಂದ್ಯಾ?”

“ಬಾ ಅಂತ ಕರದೆ. ನಕ್ಕುಬಿಟ್ಟ. ಸಾಮಾನು ಯಾರು ಕಾಯಬೇಕು ಅಂದ.”

“ಫೋನ್ ಹಚ್ಚು.”

ಅವನು ಸ್ಪೀಕರ್ ಹಾಕಿದ. ಆ ಕಡೆಯ ದನಿ ನನಗೂ ಕೇಳಿಸಿತು.

“ಅಣ್ಣಾ, ನೀರಾಗ ಅದೀನಿ. ಭಾಳ ತಂಪದ. ನೀನೂ ಬಾ.”

“ಯಾವ ನೀರೋ, ಅವಿನಾಶ?”

ಫೋನ್ ಕಟ್ಟಾಯಿತು.

ಇಬ್ಬರೂ ಎದ್ದು ಕಲ್ಯಾಣದ ಬಸ್ಸಿಗೆ ಓಡಿದರು. ಅವರು ಮರೆತ ಚೀಲವನ್ನು ನಾನು ಕಿಟಕಿಯಿಂದ ಕೊಡಹೋದೆ. ಅಕ್ಕ ಅದರತ್ತ ನೋಡಲೇ ಇಲ್ಲ. ಡ್ರೈವರನನ್ನು ಕೂಗುತ್ತಿದ್ದಳು.

“ಜಲ್ದಿ ಬಿಡ್ರಿ ಅಣ್ಣಾ, ನಮ್ಮ ತಮ್ಮಗ ಈಸಾಕ ಬರಂಗಿಲ್ಲ!”