ತಾಹೇರಾಳ ಮಗ್ಗ, ನಮ್ಮ ಮನೆಯ ಬಡತನ

ಅಧ್ಯಕ್ಷರಾದ ಬಸವಣಪ್ಪನವರೇ, ವೇದಿಕೆಯ ಮೇಲಿನ ಹಿರಿಯರೇ, ಹುಮನಾಬಾದಿನ ವ್ಯಾಪಾರಸ್ಥ ಬಂಧುಗಳೇ, ಕಲ್ಯಾಣದಿಂದ ಎತ್ತಿನ ಗಾಡಿಯಲ್ಲಿ ಮೈಕೈ ನೋಯಿಸಿಕೊಂಡು ಬಂದಿರುವ ನೇಕಾರ ತಾಯಂದಿರೇ, ಮತ್ತು ಈ ಮನುಷ್ಯ ಬೇಗ ಮುಗಿಸಲಿ ಎಂದು ಬೇಡಿಕೊಳ್ಳುತ್ತಿರುವ ಸಭಿಕರೇ,

ನೂಲಿನ ವ್ಯಾಪಾರಿ ಮಹಾರುದ್ರಪ್ಪನಾದ ನನಗೆ ನೀವು ಶಾಲು ಹೊದಿಸಿದ್ದೀರಿ. ಕಲ್ಯಾಣದ ಹೆಂಗಸರ ನೇಕಾರ ಸಂಘಕ್ಕೆ ಒಂದು ವರ್ಷ ತುಂಬಿತು, ಅದಕ್ಕೆ ಮೊಟ್ಟಮೊದಲು ನೂಲು ಕೊಟ್ಟ ಪುಣ್ಯಾತ್ಮ ಇವನೇ ಎಂದಿರಿ. ಪುಣ್ಯಾತ್ಮ! ನನ್ನ ಹೆಂಡತಿ ಕೇಳಿದ್ದರೆ ನಕ್ಕು ನಕ್ಕು ಸುಸ್ತಾಗುತ್ತಿದ್ದಳು.

ನನಗಿಂತ ಮೊದಲು ವಕೀಲರಾದ ಗಯಾಸುದ್ದೀನ್ ಸಾಹೇಬರು ಜಗತ್ತಿನ ಬಡತನಕ್ಕೆ ಕಾರಣ ಹೇಳಿದರು. ಯುದ್ಧ ಎಂದರು, ಪರದೇಶದ ಗಿರಣಿ ಎಂದರು, ಜಾಗೀರು ಎಂದರು, ಓದುಬರಹ ಇಲ್ಲದ್ದು ಎಂದರು. ಎಲ್ಲವೂ ಖರೆ. ಆದರೆ ನಾನು ಜಗತ್ತು ನೋಡಿದವನಲ್ಲ, ಸೋಲಾಪುರದ ಆಚೆ ಹೋದವನಲ್ಲ. ನಾನು ನೋಡಿದ್ದು ಒಂದು ಮಗ್ಗ. ಅದರ ಮಾತನ್ನಷ್ಟೇ ಆಡುತ್ತೇನೆ.

ನಿಜಾಮನ ಆಳ್ವಿಕೆ ಮುಗಿದ ನಲವತ್ತೆಂಟರ ಹಿಂದೂ-ಮುಸಲ್ಮಾನರ ಗದ್ದಲದಲ್ಲಿ ನಮ್ಮೂರು ಕಲ್ಯಾಣದ ನೇಕಾರ ಅಜೀಮುದ್ದೀನ್ ಸೀರೆ ಮಾರಲು ಹೋದವನು ಮರಳಿ ಬರಲಿಲ್ಲ. ದಾರಿಯಲ್ಲೇ ಕೊಂದರು. ವರ್ಷಗಟ್ಟಲೆ ನನ್ನ ಅಂಗಡಿಯಿಂದ ನೂಲು ಒಯ್ದವನು. ಉಳಿದವರು ತಾಯಿ ಜೈನಬಿ, ಹೆಂಡತಿ ತಾಹೇರಾ, ಸಣ್ಣ ಮಕ್ಕಳು. ಪರಿಹಾರ ಸಮಿತಿಯ ನಾವು ಜೋಳ ಹೊತ್ತು ಹೋದೆವು. ಮಾಳಿಗೆ ಸೋರಿ ಪಡಸಾಲೆಯ ನೆಲವೆಲ್ಲ ಹಸಿಯಾಗಿತ್ತು. ನಾನು ಬಹಳ ಶಾಣ್ಯಾ ನೋಡಿ, ಒಣ ಜಾಗವೆಂದು ಚೀಲವನ್ನು ಮಗ್ಗದ ಮೇಲೆ ಇಟ್ಟೆ. ನೂಲಿನಲ್ಲೇ ಹುಟ್ಟಿ ಬೆಳೆದವನು ನಾನು! ಪರದೆಯ ಹಿಂದಿನಿಂದ ತಾಹೇರಾಳ ಮಾತು ಬಂತು.

"ಕಾಕಾ, ಚೀಲ ಇಳಸ್ರಿ, ಮಗ್ಗ ಮುರೀತದ. ಈ ಜ್ವಾಳಾ ತಿಂದು ಮುಗದ ಮ್ಯಾಲ ಏನ್ ತಿನ್ಲಿ? ನೂಲು ಕೊಡ್ರಿ."

"ನೇಯಾವ್ರು ಯಾರವ್ವಾ?" ಎಂದೆ.

"ನಾನರೀ. ಯಾಕ, ಅನುಮಾನ ಐತೇನ್ರಿ?"

ಮಗ್ಗದ ಮುಂದೆ ನೆಲದಲ್ಲಿ ಒಂದು ತಗ್ಗಿರುತ್ತದೆ, ನೇಯುವವನು ಅದರಲ್ಲಿ ಕಾಲಿಳಿಸಿ ಕೂರುತ್ತಾನೆ. ನಮ್ಮ ಓಣಿಗಳಲ್ಲಿ ಹೆಂಗಸರು ನೂಲು ಸುತ್ತಬೇಕು, ಗಂಜಿ ಹಾಕಬೇಕು, ಎಳೆ ಜೋಡಿಸಬೇಕು. ಆ ತಗ್ಗಿಗೆ ಮಾತ್ರ ಕಾಲಿಡಬಾರದು. ಇಟ್ಟರೆ ಬರಕತ್ ಹೋಗುತ್ತದೆ ಎಂದು ಅವರು, ಲಕ್ಷ್ಮಿ ಹೋಗುತ್ತಾಳೆ ಎಂದು ನಾವು. ಆ ವರ್ಷ ಎರಡೂ ಕಡೆಯವರು ಒಪ್ಪಿದ್ದು ಇದೊಂದೇ ಮಾತು! ಮನೆಯಲ್ಲಿ ಮಗ್ಗವಿದೆ, ಕೈಯಲ್ಲಿ ಕಸುಬಿದೆ, ಮಕ್ಕಳು ಹಸಿದಿವೆ. ಇದಕ್ಕೆ ಯಾವ ಗಿರಣಿ ಕಾರಣ, ವಕೀಲರೇ? ನಮ್ಮದು ಕಾಯಕದ ಊರು ಎಂದು ಎದೆ ತಟ್ಟಿಕೊಳ್ಳುವವರು ನಾವು. ಅರ್ಧ ಊರಿನ ಕೈ ಕಟ್ಟಿ ಕೂರಿಸಿದವರೂ ನಾವೇ.

ಜೈನಬಿ ಅತ್ತಳು, ಸೊಸೆಯನ್ನು ಬೈದಳು. ಕಡೆಗೆ ಮೊಮ್ಮಕ್ಕಳ ಮುಖ ನೋಡಿ, ತಾನೇ ಕೈ ಹಿಡಿದು ಅವಳನ್ನು ತಗ್ಗಿಗೆ ಇಳಿಸಿದಳು. "ಬರಕತ್ ಹೋಗೂದಿದ್ರ ನನ್ನ ಮಗನ ಜೋಡಿನೇ ಹೋಗ್ಯಾದ. ಇಳಿಯವ್ವಾ" ಎಂದಳಂತೆ. ಇವತ್ತು ಆ ಓಣಿಯಲ್ಲಿ ಎರಡೂ ಮತದ ಹೆಂಗಸರು ನೇಯುತ್ತಾರೆ, ಅವರ ಮಕ್ಕಳು ಉಂಡು ಶಾಲೆಗೆ ಹೋಗುತ್ತವೆ.

ಇನ್ನೊಂದು ಮಾತು. ನೂಲು ಕೊಟ್ಟವನು ನಾನು, ಒಯ್ದವನು ನಾನಲ್ಲ. ಹೆಂಗಸರು ಪರದೆಯಲ್ಲಿರುವ ಗೋಷಾ ಮನೆ, ದಿನಾ ಗಂಡಸು ಹೋಗುವಂತಿಲ್ಲ. ಒಯ್ದವಳು ನನ್ನ ತಂಗಿ ಲಲಿತಾಬಾಯಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನನ್ನ ಮನೆಯಲ್ಲಿದ್ದಾಳೆ. ಅಗೋ, ಆ ಕಂಬದ ಹತ್ತಿರ ಕೂತಿದ್ದಾಳೆ. ನೂಲು ಕೊಡಲು ಹೋದವಳು ದಿನದಿನಕ್ಕೆ ತಡವಾಗಿ ಬರತೊಡಗಿದಳು. ಒಮ್ಮೆ, "ಅಣ್ಣಾ, ತಾಹೇರಾ ನನಗೂ ಕಲಿಸಾಕತ್ಯಾಳ. ನಮ್ಮ ಮನಿಯಾಗೂ ಒಂದು ಮಗ್ಗ ಹಾಕಸು" ಎಂದಳು.

ನಾನು ರೇಗಿದೆ. "ಹುಚ್ಚಿ, ನಿನಗ ಊಟಕ್ಕ ಏನ್ ಕಡಿಮಿ ಆಗೇದ? ಮಂದಿ ಏನಂದಾರು?"

"ಊಟಕ್ಕ ಕಡಿಮಿ ಇಲ್ಲಣ್ಣಾ. ತಲಿಗೆ ಎಣ್ಣಿ ಬೇಕಾದ್ರೂ ಅತ್ತಿಗಿ ಮುಂದ ಕೈ ಒಡ್ಡಬೇಕು. ನಾ ಭಾಳ ಬಡವಿ ಇದ್ದೀನಿ."

ಇಟ್ಟಿಗೆಯ ದೊಡ್ಡ ಮನೆ ನನ್ನದು, ಸಭಿಕರೇ. ಅದರಲ್ಲಿ ಬಡವರಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಎದ್ದು ಅಂಗಡಿಗೆ ಹೋದೆ. ಅವಳು ಮತ್ತೆ ಕೇಳಲಿಲ್ಲ, ನಾನೂ ಆ ಮಾತು ಎತ್ತಲಿಲ್ಲ. ಇದನ್ನು ಇಲ್ಲಿ ಹೇಳಬೇಕೆಂದು ಬಂದವನೂ ಅಲ್ಲ; ಬರೆದು ತಂದ ಭಾಷಣ ಇನ್ನೂ ಕಿಸೆಯಲ್ಲೇ ಇದೆ. ಆದರೆ ಬಡತನ ಹೋಗಬೇಕಾದರೆ ದುಡಿಯುವ ಕೈಗೆ ಅಡ್ಡ ನಿಂತವರು ಸರಿಯಬೇಕೋ ಬೇಡವೋ? ಅಂಥವನೊಬ್ಬ ನಿಮ್ಮ ಶಾಲು ಹೊದ್ದು ಇಲ್ಲೇ ನಿಂತಿದ್ದಾನಲ್ಲ!

ಲಲಿತಾ, ತಲಿ ತಗ್ಗಸಬ್ಯಾಡ, ಈ ಕಡೆ ನೋಡು. ಮಂದಿ ಏನಂದಾರು ಅಂದಿದ್ನಲ್ಲಾ, ಮಂದಿ ಎಲ್ಲಾ ಇಲ್ಲೇ ಕುಂತಾರ. ಅವರ ಮುಂದನ ಹೇಳಾಕತ್ತೇನಿ. ನಾಳಿ ಮುಂಜಾನೆ ನಮ್ಮ ಪಡಸಾಲ್ಯಾಗ ಮಗ್ಗದ ತಗ್ಗು ತೋಡೂದು. ಗುದ್ದಲಿ ನಾನೇ ಹಿಡೀತೀನಿ. ಎಷ್ಟು ಆಳ ಬೇಕು, ನೀ ನಿಂತು ಹೇಳು.

ಅಧ್ಯಕ್ಷರೇ, ಕ್ಷಮಿಸಬೇಕು, ಮನೆಯ ಮಾತನ್ನು ಸಭೆಯಲ್ಲಿ ಆಡಿದೆ. ಕರೆದು ಕೂರಿಸಿ ಮರ್ಯಾದೆ ಮಾಡಿದ ನಿಮ್ಮೆಲ್ಲರ ಉಪಕಾರ ದೊಡ್ಡದು. ಇನ್ನು ನನಗೆ ಹೊರಡಲು ಅಪ್ಪಣೆ ಕೊಡಿ. ಊರು ಮುಟ್ಟಿದ ಕೂಡಲೇ ಯಾರ ಮನೆಯಲ್ಲಾದರೂ ಗುದ್ದಲಿ ಕೇಳಿ ತರಬೇಕು, ನಮ್ಮ ಮನೆಯಲ್ಲಿ ಒಂದೂ ಇಲ್ಲ. ಎಲ್ಲರಿಗೂ ನಮಸ್ಕಾರ.