ಹನ್ನೆರಡು ಪೋರ್ಟರುಗಳು

...ಅಲ್ಲ, ಅಲ್ಲ, ಮೊದಲು ನೀ ಕುಡಿ ದೌಲಪ್ಪ! ನಿನ್ನ ಗ್ಲಾಸು ತುಂಬಿದ್ದು ತುಂಬಿದ್ಹಂಗೇ ಅದ, ನಂದಷ್ಟೇ ಮುಂದ ಮುಂದ ಸರಸಾಕತ್ತಿ. ಯಾಕ? ...ನಗ್ತಿ ಯಾಕ? ಎರಡು ವರ್ಷ ಆತು, ರವಿವಾರ ಬಂತಂದ್ರ ಖೂಬಾ ಪ್ಲಾಟಿನ ಮನಿಯಿಂದ ಹೊರಟು ಹುಮನಾಬಾದ್ ಬಸ್ ಹಿಡಿದು ಈ ಕಮಲಾಪುರಕ್ಕ ಬರ್ತೀನಿ. ಒಂದಿನಾ ಆದರೂ ನನಗಿಂತ ಮೊದಲು ನೀ ಕುಡೀದೇ ಬಿಟ್ಟೀದೇನು? ಇವತ್ತೇನು ಹೊಸಾ ರಿವಾಜು ಇದು?

ಮತ್ತ ಬಾಗಿಲಿಗೆ ಚಿಲಕ ಯಾಕ ಹಾಕೀದಿ? ಹಗಲು ಹನ್ನೊಂದು ಗಂಟೆ ಆಗ್ಯಾದ, ಯಾರು ಬರ್ತಾರೀಗ? ...ಆತು, ಆತು. ಹಾಕಿರ್ಲಿ. ಶಂಕ್ರಮ್ಮನೂ ಇವತ್ತು ‘ಬರ್ರಿ ಮಾಸ್ತರ್’ ಅನ್ನಲಿಲ್ಲ ನೋಡು. ನಾ ಚಪ್ಪಲಿ ಬಿಡೋದ್ರಾಗ ಸೆರಗು ಕೊಡವಿ ಒಳಗ ಹೋದ್ಲು. ಶೇಂಗಾದ ಹಿಂಡಿನೂ ಇಲ್ಲ, ಏನೂ ಇಲ್ಲ. ನಿಮ್ಮ ಮನ್ಯಾಗ ಏನೋ ನಡದದ, ನನಗ ಶಕ್ ಅದ.

ಕೊಡು ಇಲ್ಲೆ. ಬಣ್ಣ ನೋಡ್ತೀನಿ ಮೊದಲು. ಹ್ಞಾಂ... ಕರೀದು. ಆದರ ಬೆಳಕಿಗೆ ಹಿಡಿದ್ರ ಅಂಚಿಗೆ ಜರಾ ಕೆಂಪು ಹೊಡೀತದ. ಬರಾಬರಿ ಅದ. ಬಣ್ಣಕ್ಕ ಐದಕ್ಕ ಐದು! ...ಏನು ಹಂಗ ನೋಡ್ತಿ? ಕೊಟ್ಟೆ ಅಂದ್ರ ಕೊಟ್ಟೆ. ನೊರೆ... ಒಂದು ಬೆರಳಿನಷ್ಟು ನಿಂತದ ಲೇ, ಇಳೀವಲ್ದು. ನೊರೆಗೆ ಐದು. ವಾಸನಿ... ಹುರಿದ ಜವೆಗೋದಿ, ಸುಟ್ಟ ಬೆಲ್ಲ, ಹಿಂದ ಒಂಚೂರು ಹೊಗಿ. ನಂದೂರಿನ ದಾಲ್ ಮಿಲ್ಲಿನಾಗ ಹುರಿಸಿಕೊಂಡು ಬಂದೀದಿ ಹೌದಲ್ಲ? ವಾಸನಿಗೆ ನಾಲ್ಕೂವರಿ.

ಕುಡೀಲೇನು? ನೀ ಇನ್ನೂ ಮುಟ್ಟಿಲ್ಲ... ಇದರಾಗ ಏನೂ ಹಾಕಿಲ್ಲಲ್ಲ ನೀ? ಹೊಟ್ಟಿ ಕೆಡಿಸೋ ಜಮಾಲಗೋಟಿ ಗಿಮಾಲಗೋಟಿ? ಚೇಷ್ಟೆ ಮಾಡಿಗೀಡೀ! ಸಂಜೀಕ ನಾ ಬಸ್ಸಿನಾಗ ಕೂಡಬೇಕು. ನಮ್ಮ ಮನಿಯಾಕಿ ಇಂದೂಬಾಯಿಗೆ ‘ಕಮಲಾಪುರದಾಗ ವ್ಯಾಕರಣದ ಪಾಠ ಅದ’ ಅಂತ ಹೇಳಿ ಬಂದೀನಿ. ಆಕಿ ಪಾಪ, ಪಾಠ ಹೇಳಿ ಗಂಟಲು ಒಣಗ್ತದಂತ ಏಲಕ್ಕಿ ಕಟ್ಟಿ ಕೊಡ್ತಾಳ.

ಆತಪಾ... ವಿಠ್ಠಲಾ...

ಹ್ಞಂ. ಹ್ಞಂ! ಕಹಿ ಆಮ್ಯಾಲ ಬರ್ತದ, ಮೊದಲು ಬರಂಗಿಲ್ಲ. ಹೋದ ತಿಂಗಳಂಗ ಹುಳಿನೂ ಇಲ್ಲ. ನಾಲಿಗಿಗೆ ನಾಲ್ಕೂವರಿ, ಗಂಟಲಿಗೆ ನಾಲ್ಕು. ಕೂಡಸು... ಇಪ್ಪತ್ತೈದಕ್ಕ ಇಪ್ಪತ್ಮೂರು!

ಯಾಕ ನಗಾಕತ್ತಿ? ಜಾಸ್ತಿ ಆತೇನು? ಹೌದು, ಇಷ್ಟು ದಿನ ಹದಿನೇಳರ ಮ್ಯಾಲ ಹಾಕಿಲ್ಲ. ಹೈಸ್ಕೂಲಿನಾಗ ಮೂವತ್ತು ವರ್ಷ ಕನ್ನಡದ ಪೇಪರ್ ತಿದ್ದೀನಿ, ‘ಮುಕುಂದ ಮಾಸ್ತರ ಕೈ ಜಿಪುಣ’ ಅಂತ ಹೆಸರಾಗಿತ್ತು ನಂದು. ಆದರ ಇವತ್ತು ಮನಸ್ಸು ಬಂತು, ಕೊಟ್ಟೆ. ಮಾಡಿದವ ಯಾರು? ಹೈದರಾಬಾದಿನ ಬೀರ್ ಫ್ಯಾಕ್ಟರ್‍ಯಾಗ ಇಪ್ಪತ್ತೆರಡು ವರ್ಷ ದುಡಿದ ಮನುಷ್ಯಾ. ಪೋರ್ಟರ್ ಅಂದ್ರ ಸ್ಟೇಷನ್ನಿನ ಹಮಾಲ ಅಷ್ಟೇ ಅಲ್ಲ, ಆ ಹೆಸರಿನ ಕರೀ ಬೀರೂ ಒಂದದ ಅಂತ ನನಗ ಹೇಳಿಕೊಟ್ಟವನೂ ನೀನೇ. ಇಡೀ ಜಿಲ್ಲಾದಾಗ ಈ ಮಾತು ನಿನಗ ಗೊತ್ತು, ನನಗ ಗೊತ್ತು.

...ಹಂಗ್ಯಾಕ ನೋಡ್ತಿ?

ಬೇಸ್ತವಾರದ್ದು ಇನ್ನೂ ತಲ್ಯಾಗ ಇಟ್ಕೊಂಡು ಕೂತೀದೇನು? ಬಿಟ್ಟು ಬಿಡೋ ಮಾರಾಯಾ. ನೀ ಫೋನಿನಾಗ ಹೇಳಿದಂಗ ಜೀಪು ಬಂತು, ಪೊಲೀಸರು ಬಂದ್ರು, ಲೇಬರ್ ಆಫೀಸಿನವ ಬಂದಾ. ‘ಹಮಾಲರನ್ನ ಎಲ್ಲಿ ಕೂಡಿ ಹಾಕೀದಿ’ ಅಂತ ಮನೀ ಎಲ್ಲಾ ಹುಡುಕಿದ್ರು, ಒಬ್ಬನೂ ಸಿಗಲಿಲ್ಲ, ಹೋದ್ರು. ಮುಗೀತಲ್ಲ! ಬಾಟ್ಲಿ ಕಣ್ಣಮುಂದೇ ಇದ್ವು, ಅವನ್ನ ಯಾರೂ ಮುಟ್ಟಲಿಲ್ಲ. ದೇವರು ದೊಡ್ಡವ.

ಖರೇ, ಓಣಿ ಮಂದಿ ಎಲ್ಲಾ ಕೂಡಿ ನೋಡ್ಯಾರ. ಶಂಕ್ರಮ್ಮ ಹೊರಗ ತಲಿ ಎತ್ತವಲ್ಲಳು. ಖರೇ. ನಿನ್ನ ಕೆಲಸಕ್ಕ ಕರೆದಿದ್ದ ಆ ಹೋಟೆಲಿನವನೂ ‘ಪೊಲೀಸರು ಹೊಕ್ಕ ಮನೀ ಮನುಷ್ಯಾ ನಮಗ ಬ್ಯಾಡ’ ಅಂದನಂತ... ಅನ್ನಲಿ! ದಸರಾಕ್ಕ ಊರು ಬಿಟ್ಟು ಹೈದರಾಬಾದಿಗೆ ಹೋಗಿ, ಅವನ ಹೋಟೆಲಿನಾಗ ಬೀರು ಮಾಡಿ ಏನು ಗುಡ್ಡಾ ಕಡೀತಿದ್ದಿ ಈ ವಯಸ್ಸಿನಾಗ? ಇಲ್ಲೇ ಇರು. ನೀ ಮಾಡು, ನಾ ಮಾರ್ಕು ಹಾಕ್ತೀನಿ.

ಯಾರು ಅರ್ಜಿ ಬರದ್ರು ಅಂತ ನನಗೇನು ಕೇಳ್ತಿ? ಜಗದೇವಪ್ಪ ಇರಬೇಕು. ಆ ದಾಲ್ ಮಿಲ್ಲಿನವ. ಮೊನ್ನೆ ಗಾಜಿಪುರದಾಗ ಸಿಕ್ಕಿದ್ದ, ನಾ ಕೇಳೋಕಿಂತ ಮೊದಲೇ ‘ನನಗೇನೂ ಗೊತ್ತಿಲ್ಲರೀ’ ಅಂದ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡಂಗ! ...ಏನು? ಅವಗ ಓದು ಬರಹ ಬರಂಗಿಲ್ಲೇನು? ಮತ್ತ ಬ್ಯಾರೆ ಯಾರಾರ ಇರಬೇಕು ಬಿಡು. ಊರು ತುಂಬ ಹೊಟ್ಟೀಕಿಚ್ಚಿನವರೇ ಅದಾರ.

ಏನಂದಿ? ...ಬರದವ ದಡ್ಡ? ಬೀರಿನ ಮ್ಯಾಲ ದೂರು ಕೊಡಾಕ ಹೋಗಿ ಹಮಾಲರ ಮ್ಯಾಲ ಕೊಟ್ಟ ಹುಂಬ ಅಂತೀಯಾ?

ಅದ್ಹೆಂಗ! ದಡ್ಡ ಅವನಲ್ಲ, ಆ ಲೇಬರ್ ಆಫೀಸಿನವ! ಅವಗ ಕನ್ನಡ ಯಾವ ಪುಣ್ಯಾತ್ಮ ಕಲಿಸಿದ್ನೋ! ‘ಹನ್ನೆರಡು ಪೋರ್ಟರುಗಳನ್ನು ಬಾಯಿ ಬಿಗಿದು ಕತ್ತಲ ಕೋಣೆಯಲ್ಲಿ ಇರಿಸಿರುತ್ತಾರೆ’ ಅಂದ್ರ ಮನುಷ್ಯರು ಹೆಂಗ ಆಗ್ತಾರೋ? ಮನುಷ್ಯರಾದ್ರ ‘ಹನ್ನೆರಡು ಮಂದಿ’ ಅಂತಿರ್ತದ. ‘ಪೋರ್ಟರುಗಳನ್ನು’! ‘ಗಳನ್ನು’! ನಪುಂಸಕಲಿಂಗ ಅದು, ವಸ್ತು ಅದು, ಬಾಟ್ಲಿ ಅದು! ಏಳನೇ ಕ್ಲಾಸಿನ ಹುಡುಗರಿಗೂ ತಿಳೀತದ. ‘ಬಾಯಿ ಬಿಗಿದು’ ಅಂದ್ರ ಬಿರಡಿ ಬಿಗಿದು ಅಂತ. ವಾಕ್ಯದಾಗ ಒಂದು ತಪ್ಪಿಲ್ಲ, ಒಂದು ಒತ್ತಕ್ಷರ ಬಿಟ್ಟಿಲ್ಲ, ಅಂಥಾದ್ದಕ್ಕ ನೀ ದಡ್ಡ ಅಂತಿ...

...

ಏನು?

ನೀನೇ ಫೋನಿನಾಗ ಹೇಳಿದ್ಯಲ್ಲ, ಅರ್ಜ್ಯಾಗ ಹಿಂಗ ಹಿಂಗ ಬರದಾರ ಅಂತ... ಹೇಳಿಲ್ಲೇನು? ಮತ್ತ ಶಂಕ್ರಮ್ಮ... ಇಲ್ಲ, ಆಕಿ ಮಾತಾಡಿಲ್ಲ ನನ್ನ ಕೂಡ. ಹಂಗಾರ ಬಸ್ಸಿನಾಗ ಯಾರೋ... ಬಸ್ಸಿನಾಗ ಮಂದಿ...

ದೌಲಪ್ಪ, ಬೈ ನನಗ. ಹೊಡಿ ಬೇಕಾರ.

ಪೊಲೀಸರು ಬರ್ತಾರಂತ ನಾ ಅಂದುಕೊಂಡಿದ್ದಿಲ್ಲ. ವಿಠ್ಠಲನ ಆಣಿ ಅಂದುಕೊಂಡಿದ್ದಿಲ್ಲ. ತಹಸೀಲ್ದಾರರಿಗೆ ಬರದ್ರ ಅಬಕಾರಿಯವರಷ್ಟೇ ಬರ್ತಾರ, ಬಾಟ್ಲಿ ಒಯ್ತಾರ, ಒಂದು ಸಲ ದಂಡ ಹಾಕ್ತಾರ... ಹೋಟೆಲಿನವ ಹೆದರ್ತಾನ... ನೀ ಹೋಗಂಗಿಲ್ಲ. ಇಷ್ಟೇ ಇತ್ತು ನನ್ನ ತಲ್ಯಾಗ. ಶಂಕ್ರಮ್ಮನ ಮಾರಿ ನೆನಪಿಗೆ ಬಂದಿದ್ರ ಬರೀತಿದ್ದಿಲ್ಲ. ಬರಲಿಲ್ಲ. ನನ್ನ ರವಿವಾರ ಅಷ್ಟೇ ನೆನಪಿತ್ತು ನನಗ.

‘ಹೋಗಬ್ಯಾಡೋ’ ಅಂತ ಬಾಯಿಲೆ ಹೇಳಬಹುದಿತ್ತು, ಹೌದು. ಮೂರು ರವಿವಾರ ಹೇಳಬೇಕಂತಲೇ ಬಂದೆ. ಇಲ್ಲೇ, ಇದೇ ಸ್ಟೂಲಿನ ಮ್ಯಾಲ ಕೂತು ಹುಳಿ ಜಾಸ್ತಿ ಆಗ್ಯಾದ, ಕಹಿ ಕಡಿಮಿ ಬಿದ್ದದ ಅಂತ ಹೇಳಿ ಎದ್ದು ಹೋದೆ. ನೀ ಇಲ್ಲಂದ್ರ ನನಗ ಬ್ಯಾಸರ ಆಗ್ತದ ಅಂತ, ಅರವತ್ತು ದಾಟಿದ ಗಂಡಸು ಇನ್ನೊಬ್ಬ ಗಂಡಸಿಗೆ ಹೆಂಗ ಹೇಳಬೇಕೋ? ಬಾಯಿಲೆ ಬರಲಿಲ್ಲ ನನಗ. ಬರಹದಾಗ ಬಂತು.

ಎಲ್ಲಿಗೆ ಎದ್ದಿ? ...ಚಿಲಕ ಯಾಕ ತಗೀತಿ?

ಬಸ್ಸು ಸಂಜೀಕ ಅದ, ದೌಲಪ್ಪ. ...ಸಂಜೀಕ ಅದ.