ಶಸ್ತ್ರಚಿಕಿತ್ಸೆ ವಿಭಾಗದ ಖಾಲಿ ಸೀಟು

ಕಾಲೇಜಿನ ಹಿರಿಯರೇ, ವಿದ್ಯಾರ್ಥಿಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಮೇಡಂ ಅವರ ಯಜಮಾನರೇ, ಮಗಳೇ — ನಮಸ್ಕಾರ.

ಒಂದೇ ಆಪರೇಷನ್ ಮೇಜಿನ ಎರಡು ಕಡೆ ನಿಂತು ವಯಸ್ಸಾದವರು ನಾವಿಬ್ಬರು, ಮೇಡಂ ಮತ್ತು ನಾನು. ಅವರು ಹೊಟ್ಟೆ ಕುಯ್ಯುತ್ತಿದ್ದರು, ನಾನು ತಲೆಯ ಬಳಿ ನಿಂತು ಅರಿವಳಿಕೆ ಕೊಡುತ್ತಿದ್ದೆ. ಅಂಥವರನ್ನು "ಇದ್ದರು" ಎನ್ನಲು ನಾಲಿಗೆ ಹೊರಳುತ್ತಿಲ್ಲ.

ಮೇಡಂ ಮೀಸಲಾತಿ ಸೀಟಿನಲ್ಲಿ ಓದಿದವರು. ಅದನ್ನು ಮುಚ್ಚಿಡಲಿಲ್ಲ. ಒಮ್ಮೆ ಹೊಸ ಡಾಕ್ಟರನೊಬ್ಬ ಬೆನ್ನ ಹಿಂದೆ "ಕೋಟಾ" ಎಂದು ಗೊಣಗಿದ. ತಿರುಗಿ ನೋಡಿ, "ಹೌದಪ್ಪಾ, ಕೋಟಾನೇ. ಪಾಸಾಗಿದ್ದು ಮಾತ್ರ ನೀವೆಲ್ಲ ಬರೆದ ಪರೀಕ್ಷೇನೇ ಬರೆದು. ಈಗ ಆ ಕತ್ತರಿ ಕೊಡು" ಎಂದರು. ನಾವು ನಕ್ಕೆವು. ಅವರು ನಗಲಿಲ್ಲ.

ಇಲ್ಲಿ ಸ್ನಾತಕೋತ್ತರ ಶಸ್ತ್ರಚಿಕಿತ್ಸೆಯ ಮೀಸಲು ಸೀಟು ಪ್ರತಿವರ್ಷ ಖಾಲಿ. "ಅರ್ಹರು ಸಿಗಲಿಲ್ಲ" — ಪ್ರತಿವರ್ಷ ಇದೇ ಮಾತು. ಎರಡು ವರ್ಷದ ಹಿಂದೆ ಆಯ್ಕೆ ಸಮಿತಿಗೆ ಮೇಡಂ ಬಂದರು, ನಾನೂ ಇದ್ದೆ. ಸಂದರ್ಶನಕ್ಕೆ ಒಬ್ಬ ಹುಡುಗಿ. ಸಮಿತಿಯ ಇನ್ನೊಬ್ಬರು ಕೇಳಿದರು:

"ನಿಮ್ಮ ತಂದೆ ಏನ್ಮಾಡ್ತಾರೆ?"

"ಚರಂಡಿ ಕೆಲಸ, ಸರ್."

"ಇನ್ನೂ ಓದೋಕೆ ಮನೇಲಿ ಬಿಡ್ತಾರಾ?"

ಮೇಡಂ ಕನ್ನಡಕ ತೆಗೆದಿಟ್ಟರು. "ಸರ್, ಆಪರೇಷನ್ ಬಗ್ಗೆ ಒಂದು ಪ್ರಶ್ನೆನಾದ್ರೂ ಕೇಳೋಣ್ವಾ?" ಕರುಳು ಹರಿದರೆ ಹೇಗೆ ಹೊಲಿಯುತ್ತೀಯ ಎಂದು ತಾವೇ ಕೇಳಿದರು. ಹುಡುಗಿ ಗಾಳಿಯಲ್ಲೇ ಬೆರಳಾಡಿಸಿ — ಹೀಗೆ, ಹೀಗೆ — ತೋರಿಸಿದಳು. ಸರಿಯಾಗಿತ್ತು. ನಾವಿಬ್ಬರು ಬೇಕೆಂದೆವು, ಉಳಿದ ಮೂವರು ಬೇಡವೆಂದರು. ಮತ್ತೆ — ಅರ್ಹರು ಸಿಗಲಿಲ್ಲ.

ಹುಡುಗಿ ಕೋರ್ಟಿಗೆ ಹೋದಳು. ಮೇಡಂ ಸಾಕ್ಷಿ ಹೇಳಿದರು. ನಾನೂ ಹೇಳಿದೆ. ನನಗೆ ಯಾರೂ ಏನೂ ಅನ್ನಲಿಲ್ಲ. ಅವರನ್ನು ಮಾತ್ರ ಥಿಯೇಟರಿನಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಎಂಥ ಕೈ ಅದು! ಆ ಕೈ ಕೆಳಮಹಡಿಯಲ್ಲಿ ಬ್ಯಾಂಡೇಜಿನ ಡಬ್ಬ ಜೋಡಿಸಿತು.

ಒಂದು ಮಧ್ಯಾಹ್ನ ಅಲ್ಲಿಗೆ ಹೋದರೆ ಹೊಟ್ಟೆ ಹಿಡಿದು ಕುಳಿತಿದ್ದಾರೆ.

"ಸ್ಕ್ಯಾನ್ ಮಾಡಿಸಿ ಮೇಡಂ."

"ತೀರ್ಪು ಬರ್ಲಿ, ಆಮೇಲೆ ನೋಡೋಣ."

ನೋವು ತಡೆಯಲಾರದೆ ಕೊನೆಗೆ ಮಾಡಿಸಿದಾಗ ಕ್ಯಾನ್ಸರ್ ಗಡ್ಡೆ ಯಕೃತ್ತಿಗೆ ಹಬ್ಬಿತ್ತು. ಸ್ಕ್ಯಾನನ್ನು ಅವರೇ ನೋಡಿದರು. ಸುಳ್ಳು ಹೇಳಿ ಸಮಾಧಾನ ಮಾಡುವ ಅವಕಾಶವನ್ನೂ ನಮಗೆ ಕೊಡಲಿಲ್ಲ.

ತೀರ್ಪು ಬಂದ ದಿನ ಅವರಿಗೆ ಪ್ರಜ್ಞೆ ಇರಲಿಲ್ಲ. ಮಗಳು ಕಿವಿಯ ಹತ್ತಿರ ಬಗ್ಗಿ, "ಅಮ್ಮಾ, ಅವಳಿಗೆ ಸೀಟು ಸಿಕ್ತಂತೆ ಕಣಮ್ಮಾ" ಎಂದಳು. ಕೇಳಿಸಿತು ಎಂದು ಹೇಳಿದರೆ ನಿಮಗೆಲ್ಲ ಸಮಾಧಾನವಾದೀತು. ನಾನು ಅರಿವಳಿಕೆಯವನು — ಹಾಗೆ ಹೇಳಲಾರೆ.

ಆ ಹುಡುಗಿ ಹೋದ ವಾರ ಶಸ್ತ್ರಚಿಕಿತ್ಸೆ ವಿಭಾಗಕ್ಕೆ ಸೇರಿದಳು. ಸಭೆಗೆ ಬಂದಿಲ್ಲ. ಮೇಲೆ ಅಪಘಾತದ ಕೇಸು, ಥಿಯೇಟರಿನಲ್ಲಿ ನಿಂತಿದ್ದಾಳೆ. "ಬರ್ತೀಯೇನಮ್ಮಾ?" ಎಂದು ಕೇಳಿದ್ದೆ. "ಇವರ ರಕ್ತ ನಿಲ್ಲಲಿ ಸರ್" ಎಂದಳು.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ, ಮೌನವಾಗಿ. — ಸಮಿತಿಯ ಆ ಮೂವರೂ ಇಲ್ಲೇ ಕುಳಿತಿದ್ದೀರಿ. ನೀವೂ ಏಳಿ, ಸರ್.